ಬಿಪಿ ಇರೋರಿಗೆ ಕುತ್ತಿಗೆ ಡಾಪ್ಲರ್: ರಿಪೋರ್ಟಲ್ಲಿ 0.95 ಎಂಎಂ ಅಂತ ಬಂದಿದೆ, ಹೆದರ್ಕೋಬೇಕಾ?

ತುಮಕೂರ್_ಲೋಕಲ್

ಫ್ಯಾಕ್ಟರೀಲಿ ವರ್ಷಕ್ಕೊಂದ್ಸಲ ಹೆಲ್ತ್ ಚೆಕಪ್ ಮಾಡಿಸ್ತಾರೆ, ಈ ಸಲ ನಲವತ್ತೈದು ದಾಟಿದೋರಿಗೆ ಅಂತ ಕೆರೋಟಿಡ್ ಡಾಪ್ಲರ್ (ಮಿದುಳಿಗೆ ರಕ್ತ ಒಯ್ಯೋ ಕುತ್ತಿಗೆ ನಾಳದ ಸ್ಕ್ಯಾನ್) ಒಂದು ಹೊಸದಾಗಿ ಸೇರಿಸಿದ್ರು. ಕುತ್ತಿಗೆಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡೋದು, ನೋವೇನಿಲ್ಲ, ಬೇಗ ಮುಗೀತು. ರಿಪೋರ್ಟಲ್ಲಿ ಬಲಗಡೆ ಐಎಂಟಿ 0.80 ಎಂಎಂ, ಎಡಗಡೆ 0.95 ಎಂಎಂ, ಪ್ಲಾಕ್ ಇಲ್ಲ, ಬ್ಲಾಕ್ ಇಲ್ಲ, ಕೊನೇಲಿ "ಮೈಲ್ಡ್ ಇಂಟಿಮಲ್ ಥಿಕನಿಂಗ್" ಅಂತ ಬರೆದಿದ್ದಾರೆ. ನನಗೆ 47, ಬಿಪಿಗೆ ಟೆಲ್ಮಿಸಾರ್ಟನ್ 40 ತಗೋತೀನಿ, ಶುಗರ್ ಇಲ್ಲ, ಬೀಡಿ ಸಿಗರೇಟ್ ಇಲ್ಲ. ಕೌಂಟರಲ್ಲಿ ಕೂತಿದ್ದ ಹುಡುಗಿ ಆರು ತಿಂಗಳಿಗೆ ರಿಪೀಟ್ ಮಾಡಿಸ್ಬೇಕು ಸಾರ್, ಡಿಸ್ಕೌಂಟ್ ಇದೆ ಅಂದ್ಲು. ಮನೇಲಿ ನಮ್ಮೋಳು ರಿಪೋರ್ಟ್ ಓದಿದಾಗಿಂದ ಸ್ಟ್ರೋಕ್ ಸ್ಟ್ರೋಕ್ ಅಂತ ಅದೇ ಜಪ. ಈ 0.95 ಅಂದ್ರೆ ಏನು? ಗೊತ್ತಿರೋರು ಹೇಳಿ.

ಧಾರವಾಡ_ಮಂದಿ

ಡಿಸ್ಕೌಂಟ್ ಐತಿ ಅಂದಾಗ್ಲೇ ತಿಳ್ಕೋಬೇಕಿತ್ತು ಅಣ್ಣಾರ 😀 ಅದ್ ಇರಲಿ, ನಿಮ್ಮ ಬಿಪಿ ಎಷ್ಟೈತಿ ಅದನ್ನ ಮೊದಲ ಹೇಳ್ರಿ. ಗುಳಿಗಿ ತಗೊಂಡ ಮ್ಯಾಲೆ 130ರ ಒಳಗ ಇರ್ತೈತೋ, 150ಕ್ಕ ಹೋಗ್ತೈತೋ? ಎಂಎಂ ಲೆಕ್ಕ ಎಲ್ಲಾ ಬರದೀರಿ, ಬಿಪಿ ಒಂದ್ ಬರದಿಲ್ಲ.

ತುಮಕೂರ್_ಲೋಕಲ್

ಚೆಕಪ್ ದಿನ 148/94 ಇತ್ತು. ಮನೇಲಿ ಮೆಷಿನ್ ಇಲ್ಲ, ಯಾವಾಗಾದ್ರೂ ಮೆಡಿಕಲ್ ಸ್ಟೋರಲ್ಲಿ ನೋಡಿಸ್ತೀನಿ, 140 ಆಸುಪಾಸು ಇರುತ್ತೆ.

ಪ್ರೋಬ್_ಹಿಡಿದ_ಕೈ

ನಾನು ರೇಡಿಯಾಲಜಿಯವನು, ದಿನಾ ಇದೇ ಕೆಲಸ, ಸ್ವಲ್ಪ ಉದ್ದ ಬರೀತೀನಿ ತಾಳ್ಮೆ ಇರಲಿ. ಐಎಂಟಿ ಅಂದ್ರೆ ರಕ್ತನಾಳದ ಗೋಡೆಯ ಒಳಗಿನ ಎರಡು ಪದರ, ಇಂಟಿಮಾ ಮತ್ತು ಮೀಡಿಯಾ, ಇವೆರಡರ ಒಟ್ಟು ದಪ್ಪ. ಸ್ಕ್ಯಾನಲ್ಲಿ ಕೆರೋಟಿಡ್ ನಾಳವನ್ನ ಉದ್ದಕ್ಕೆ ಹಿಡಿದ್ರೆ ಆಳದ ಕಡೆಯ ಗೋಡೆ ಮೇಲೆ ಎರಡು ಬಿಳಿ ಗೆರೆ ಕಾಣುತ್ತೆ, ಮಧ್ಯ ಒಂದು ಕಪ್ಪು ಗೆರೆ. ಒಂದು ಬಿಳಿ ಗೆರೆ ರಕ್ತ ಮುಗಿದು ಗೋಡೆ ಶುರುವಾಗೋ ಜಾಗ, ಇನ್ನೊಂದು ಹೊರಗಿನ ಪದರ ಶುರುವಾಗೋ ಜಾಗ. ಈ ಅಂತರ ಅಳೆಯಬಹುದು ಅಂತ 1986ರಲ್ಲಿ ಇಟಲಿಯ ಪಿನ್ಯೋಲಿ ಮತ್ತು ಜೊತೆಗಾರರು ತೋರಿಸಿದ್ರು, ನಾಳದ ತುಂಡನ್ನ ಸ್ಕ್ಯಾನಲ್ಲೂ ಅಳೆದು ಮೈಕ್ರೋಸ್ಕೋಪಲ್ಲೂ ಅಳೆದು ಹೋಲಿಸಿ ನೋಡಿ. ಆಮೇಲೆ ಜಗತ್ತಿನ ತುಂಬ ಇದೇ ಶುರುವಾಯ್ತು.

ಈಗ ನಿಮ್ಮ 0.95 ವಿಷಯ. ಸರಿಯಾಗಿ ಅಳೀಬೇಕಂದ್ರೆ ನಾಳ ಕವಲೊಡೆಯೋದಕ್ಕೆ ಮುಂಚೆ ಸ್ವಲ್ಪ ಉಬ್ಬಿರೋ ಭಾಗ ಬರುತ್ತಲ್ಲ ಅದಕ್ಕಿಂತ ಕೆಳಗೆ, ಸುಮಾರು ಒಂದು ಸೆಂಟಿಮೀಟರ್ ಉದ್ದಕ್ಕೆ, ಪ್ಲಾಕ್ ಇಲ್ಲದ ಕಡೆ, ಹೃದಯ ಸಡಿಲ ಆಗಿರೋ ಹೊತ್ತಲ್ಲಿ ಚಿತ್ರ ನಿಲ್ಲಿಸಿ, ಸಾಫ್ಟ್‌ವೇರಿಂದ ನೂರಾರು ಕಡೆ ಅಳೆದು ಸರಾಸರಿ ತೆಗೀಬೇಕು. ಬಡಿತದ ಹೊತ್ತಲ್ಲಿ ನಾಳ ಹಿಗ್ಗಿರುತ್ತೆ, ಗೋಡೆ ತೆಳ್ಳಗೆ ಕಾಣುತ್ತೆ, ಅದಕ್ಕೇ ಈ ನಿಯಮ. ಚೆಕಪ್ ಪ್ಯಾಕೇಜಲ್ಲಿ ಇದನ್ನೆಲ್ಲ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ, ದಿನಕ್ಕೆ ಐವತ್ತು ಜನ ಸಾಲಾಗಿ ಮಲಗಿರ್ತಾರೆ. ಎಲ್ಲೋ ಒಂದ್ಕಡೆ ಎರಡು ಕರ್ಸರ್ ಇಟ್ಟು ನಂಬರ್ ಬರೀತೀವಿ. ಕರ್ಸರ್ ಒಂದು ತಲೆಕೂದಲಿನ ದಪ್ಪದಷ್ಟು ಆಚೀಚೆ ಆದ್ರೆ ಹೆಚ್ಚುಕಮ್ಮಿ 0.1 ಎಂಎಂ ವ್ಯತ್ಯಾಸ ಬರುತ್ತೆ. ಹಾಗಾಗಿ ನಿಮ್ಮ ಬಲ ಎಡದ ನಡುವೆ ಇರೋ 0.15ಕ್ಕೆ ನಾನು ತಲೆ ಕೆಡಿಸ್ಕೊಳಲ್ಲ.

ಆರು ತಿಂಗಳಿಗೆ ರಿಪೀಟ್ ಅನ್ನೋದಂತೂ ಲೆಕ್ಕಕ್ಕೇ ಕೂರಲ್ಲ. ಈ ಪದರ ವರ್ಷಕ್ಕೆ ಸರಾಸರಿ 0.01 ಎಂಎಂ ಆಸುಪಾಸು ಬೆಳೆಯುತ್ತೆ. ಅಳತೆಯ ತಪ್ಪೇ ಅದರ ಹತ್ತು ಪಟ್ಟು ಇದ್ದಾಗ ಆರು ತಿಂಗಳಲ್ಲಿ ಏನು ಕಾಣುತ್ತೆ ಹೇಳಿ. ಮುಂದಿನ ಸಲ 0.85 ಬಂದ್ರೆ ಔಷಧಿ ಕೆಲಸ ಮಾಡ್ತು ಅಂತ ಖುಷಿ, 1.05 ಬಂದ್ರೆ ಮತ್ತೆ ಮನೇಲಿ ಜಪ, ಎರಡೂ ಸುಳ್ಳು.

ಕರಾವಳಿಯವ

ಡಾಕ್ಟ್ರೆ, ಒಂದು ಡೌಟ್ ಉಂಟು. 0.9 ದಾಟಿದ್ರೆ ತೊಂದ್ರೆ ಅಂತ ನಾನೂ ಎಲ್ಲೋ ಓದಿದ್ದೆ, ಅದು ಸುಮ್ನೆ ಹೇಳಿದ್ದಾ ಹಾಗಾದ್ರೆ?

ಪ್ರೋಬ್_ಹಿಡಿದ_ಕೈ

ಸುಮ್ನೆ ಅಲ್ಲ. 2007ರ ಯುರೋಪಿನ ಬಿಪಿ ಮಾರ್ಗಸೂಚೀಲಿ 0.9 ಎಂಎಂಗಿಂತ ಜಾಸ್ತಿ ಇದ್ರೆ ಬಿಪಿಯಿಂದ ಅಂಗಕ್ಕೆ ಪೆಟ್ಟು ಬಿದ್ದಿದೆ ಅಂತ ಪರಿಗಣಿಸಿ ಅಂದಿದ್ರು, 2013ರಲ್ಲೂ ಅದೇ ಇತ್ತು. ಆದ್ರೆ ಮೂವತ್ತರ ಹುಡುಗನಿಗೆ 0.9 ಇರೋದೂ ಎಪ್ಪತ್ತರ ಅಜ್ಜನಿಗೆ 0.9 ಇರೋದೂ ಒಂದೇ ಅಲ್ಲ, ವಯಸ್ಸಾದ ಹಾಗೆ ಎಲ್ಲರಿಗೂ ದಪ್ಪ ಆಗುತ್ತೆ. ಅದೇ 2013ರಲ್ಲಿ ಅಮೆರಿಕದ ಹೃದಯ ತಜ್ಞರ ಸಂಘಗಳು, ರಿಸ್ಕ್ ಲೆಕ್ಕ ಹಾಕೋಕೆ ಅಂತ ಎಲ್ಲರಿಗೂ ಐಎಂಟಿ ಮಾಡಬೇಡಿ ಅಂತ ಹೇಳಿದ್ವು, 2016ರಲ್ಲಿ ಯುರೋಪಿನ ಹೃದಯ ಸಂಘವೂ ತಡೆಗಟ್ಟುವಿಕೆ ಮಾರ್ಗಸೂಚೀಲಿ ಬೇಡ ಅಂದೇಬಿಡ್ತು. ಕಾರಣ ಏನಂದ್ರೆ ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಇಷ್ಟು ಗೊತ್ತಿದ್ದ ಮೇಲೆ ಐಎಂಟಿ ಸೇರಿಸಿದ್ರೆ ಸಿಗೋ ಹೆಚ್ಚಿನ ಮಾಹಿತಿ ತೀರಾ ಸಣ್ಣದು ಅಂತ 2012ರಲ್ಲಿ ಹತ್ತಾರು ಸಾವಿರ ಜನರ ಡೇಟಾ ಒಟ್ಟು ಮಾಡಿ ನೋಡಿದಾಗ ಗೊತ್ತಾಯ್ತು. ಪ್ಲಾಕ್ ಕಥೆ ಬೇರೆ. ಗೋಡೆಯ ಒಂದು ಕಡೆ ಮಾತ್ರ ಗಂಟಿನ ಥರ ಉಬ್ಬಿ 1.5 ಎಂಎಂ ದಾಟಿದ್ರೆ, ಇಲ್ಲಾ ಅಕ್ಕಪಕ್ಕದ ಗೋಡೆಗಿಂತ ಅರ್ಧ ಎಂಎಂ ಎದ್ದು ನಿಂತಿದ್ರೆ ಅದನ್ನ ಪ್ಲಾಕ್ ಅಂತೀವಿ. ಅದಕ್ಕೆ ಬೆಲೆ ಇದೆ. ನಿಮ್ಮ ರಿಪೋರ್ಟಲ್ಲಿ ನಾನು ಮೊದಲು ಓದಿದ ಸಾಲು ಪ್ಲಾಕ್ ಇಲ್ಲ ಅನ್ನೋದು, 0.95 ಅಲ್ಲ.

ಹಳ್ಳಿಮೇಷ್ಟ್ರು

ಪ್ಲಾಕ್ ಇಲ್ದೇ ಇದ್ರೆ ಮತ್ತೆ ಗೋಡೆ ಯಾಕೆ ದಪ್ಪ ಆಯ್ತು ಸಾರ್? ಕೊಬ್ಬು ಅಂಟಿದ್ರೆ ತಾನೆ ದಪ್ಪ ಆಗೋದು?

ಪ್ರೋಬ್_ಹಿಡಿದ_ಕೈ

ಮೇಷ್ಟ್ರೇ, ಬಿಪಿ ಇರೋರು ತಿಳ್ಕೋಬೇಕಾದ ಮುಖ್ಯ ವಿಷಯನೇ ಇದು, ನಮ್ಮ ರಿಪೋರ್ಟುಗಳಲ್ಲಿ ಇದನ್ನ ಯಾರೂ ಬರೆಯಲ್ಲ. ಲಾಪ್ಲಾಸ್ ನಿಯಮ ನೆನಪಿರಬೇಕು ನಿಮಗೆ, ಕೊಳವೆ ಗೋಡೆ ಮೇಲೆ ಬೀಳೋ ಎಳೆತ ಅಂದ್ರೆ ಒತ್ತಡ ಗುಣಿಸು ತ್ರಿಜ್ಯ, ಭಾಗಿಸು ಗೋಡೆಯ ದಪ್ಪ. ಒತ್ತಡ ವರ್ಷಗಟ್ಟಲೆ ಜಾಸ್ತಿ ಇದ್ರೆ ಎಳೆತ ಹಳೇ ಮಟ್ಟಕ್ಕೆ ತರೋಕೆ ನಾಳ ತನ್ನ ಗೋಡೆಯನ್ನೇ ದಪ್ಪ ಮಾಡ್ಕೊಳುತ್ತೆ. ಮೂಟೆ ಹೊರೋ ಹಮಾಲಿಯ ಹೆಗಲು ಗಟ್ಟಿಯಾಗಲ್ವಾ, ಹಾಗೆ. ಹೀಗೆ ಬೆಳೆಯೋದು ಮೀಡಿಯಾ ಅನ್ನೋ ಸ್ನಾಯು ಪದರ. ಕೊಬ್ಬು ಸೇರೋದು ಇಂಟಿಮಾದಲ್ಲಿ. ಅಲ್ಟ್ರಾಸೌಂಡಿಗೆ ಇವೆರಡನ್ನ ಬೇರೆ ಬೇರೆ ಮಾಡಿ ನೋಡೋ ಶಕ್ತಿ ಇಲ್ಲ, ಒಟ್ಟಿಗೆ ಒಂದೇ ನಂಬರ್ ಕೊಡುತ್ತೆ. ಅಂದ್ಮೇಲೆ ಬಿಪಿ ಇರೋನಿಗೆ 0.95 ಬಂದ್ರೆ "ಈ ನಾಳ ಬಹಳ ದಿನದಿಂದ ಜಾಸ್ತಿ ಒತ್ತಡ ತಡ್ಕೊಂಡಿದೆ" ಅಂತ ಓದಬಹುದೇ ಹೊರತು ಕೊಬ್ಬು ಕೂತಿದೆ ಅಂತ ಅಲ್ಲ. ರಿಪೋರ್ಟಲ್ಲಿ ಇಂಟಿಮಲ್ ಥಿಕನಿಂಗ್ ಅಂತ ಬರೆಯೋದೇ ನನಗೆ ಸರಿ ಕಾಣಲ್ಲ, ಇಂಟಿಮಾ ಒಂದನ್ನೇ ಯಾರು ನೋಡಿದ್ದಾರೆ ಅಲ್ಲಿ.

ಒಳ್ಳೇ ಕೆಲಸಾನೇ ಅಲ್ವಾ ಹಾಗಾದ್ರೆ ಅಂತ ಕೇಳಬೇಡಿ. ದಪ್ಪ ಆದ ಗೋಡೆ ಬಿರುಸಾಗುತ್ತೆ, ಬಿರುಸಾದ್ರೆ ಮೇಲಿನ ಬಿಪಿ ಇನ್ನೂ ಏರುತ್ತೆ, ಆ ಬಡಿತದ ಪೆಟ್ಟು ನೇರ ಮಿದುಳಿಗೂ ಕಿಡ್ನಿಗೂ ಹೋಗುತ್ತೆ.

ಧಾರವಾಡ_ಮಂದಿ

ಅಂದ್ರ ಕೊನೀಗೆ ಬಂದ್ ನಿಂತಿದ್ದು ಎಲ್ಲಿಗೆ? 148/94ಕ್ಕ. ನಾ ಮೊದಲ ಕೇಳಿದ್ದೂ ಅದನ್ನs. ಎಂಎಂ ಬಿಡ್ರಿ, ಒಂದ್ ಚಲೋ ಬಿಪಿ ಮಷೀನ್ ತಗೋರಿ, ತೋಳಿಗೆ ಕಟ್ಟೂದು, ಮಣಿಕಟ್ಟಿಂದು ಬ್ಯಾಡ. ಮುಂಜಾನೆ ಗುಳಿಗಿ ತಗೊಳ್ಳೂದಕ್ಕ ಮೊದಲ, ಸಂಜೀಕ ಊಟಕ್ಕ ಮೊದಲ, ಐದು ನಿಮಿಷ ಸುಮ್ನ ಕುಂತು ಎರಡೆರಡು ಸಲ ನೋಡ್ರಿ, ಒಂದ್ ವಾರ ಬರದಿಡ್ರಿ. ಮನ್ಯಾಗ ಸರಾಸರಿ 135/85 ಮ್ಯಾಲೆ ಬಂತು ಅಂದ್ರ ಗುಳಿಗಿ ಸಾಲೂದಿಲ್ಲ ಅಂತ ಅರ್ಥ, ಡಾಕ್ಟರ್ ಕಡೆ ಹೋಗ್ರಿ. ಉಪ್ಪಿನಕಾಯಿ ಹಪ್ಪಳಾನೂ ಸ್ವಲ್ಪ ನೋಡ್ಕೋರಿ, ಡಬ್ಲ್ಯುಎಚ್‌ಒ ದಿನಕ್ಕ 5 ಗ್ರಾಂ ಉಪ್ಪು ಅಂತೈತಿ, ನಮ್ ಕಡೆ ಒಂದ್ ಊಟದಾಗ ಅಷ್ಟು ಹೊಡೀತೀವಿ.

ಉಮಿಯೋ_ಕನ್ನಡಿಗ

ಎಲ್ಲರೂ ಸ್ಕ್ಯಾನನ್ನ ಬೈತಾ ಇದೀರಲ್ಲ, ಒಂದು ಉಲ್ಟಾ ಮಾತು ಹೇಳ್ತೀನಿ. ನಾನಿರೋದು ಸ್ವೀಡನ್ನಿನ ಉಮಿಯೋದಲ್ಲಿ, ವೆಸ್ಟರ್‌ಬಾಟನ್ ಪ್ರಾಂತ್ಯ. ಇಲ್ಲಿ ಸರ್ಕಾರಿ ಕ್ಲಿನಿಕ್ಕುಗಳಲ್ಲಿ 40, 50, 60 ವಯಸ್ಸಿಗೆ ಎಲ್ಲರನ್ನೂ ಕರೆದು ತಪಾಸಣೆ ಮಾಡೋ ಪದ್ಧತಿ ಬಹಳ ಹಿಂದಿಂದ ಇದೆ. ಅದಕ್ಕೆ ಸೇರಿಸಿ ವಿಪ್‌ವಿಜಾ ಅಂತ ಒಂದು ಸ್ಟಡಿ ಮಾಡಿದ್ರು, 3532 ಜನ, 2019ರಲ್ಲಿ ಲ್ಯಾನ್ಸೆಟ್ಟಲ್ಲಿ ಬಂತು. ಎಲ್ಲರಿಗೂ ಕುತ್ತಿಗೆ ಅಲ್ಟ್ರಾಸೌಂಡ್ ಮಾಡಿದ್ರು, ಆದ್ರೆ ಅರ್ಧ ಜನಕ್ಕೆ ಮಾತ್ರ ಫಲಿತಾಂಶ ತೋರಿಸಿದ್ರು. ನಂಬರ್ ಅಲ್ಲ, ಚಿತ್ರ. ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿ ಮೇಲೆ ನಿಮ್ಮ ನಾಳಕ್ಕೆ ಎಷ್ಟು ವಯಸ್ಸಾಗಿದೆ ಅಂತ ಗುರುತು, ಪ್ಲಾಕ್ ಇದ್ರೆ ಕೆಂಪು ಬೊಟ್ಟು ಇಲ್ದಿದ್ರೆ ಹಸಿರು, ಆಮೇಲೆ ನರ್ಸ್ ಒಬ್ರು ಫೋನ್ ಮಾಡಿ ಅದರ ಬಗ್ಗೆ ಮಾತಾಡೋರು. ಒಂದು ವರ್ಷದ ಮೇಲೆ ನೋಡಿದ್ರೆ ಚಿತ್ರ ನೋಡಿದೋರ ಹೃದಯದ ರಿಸ್ಕ್ ಸ್ಕೋರ್ ಚಿತ್ರ ನೋಡದೇ ಇದ್ದೋರಿಗಿಂತ ಕಮ್ಮಿ ಆಗಿತ್ತು. ಅಳತೆ ಪಕ್ಕಾ ಇರಲಿ ಇಲ್ಲದಿರಲಿ, ತನ್ನ ಕುತ್ತಿಗೇದೇ ಚಿತ್ರ ಕಣ್ಣೆದುರು ಕಂಡ್ರೆ ಮನುಷ್ಯ ಮಾತ್ರೆ ಸರಿಯಾಗಿ ತಗೋತಾನೆ ಅನ್ನೋದೂ ನಿಜ ತಾನೆ?

ಪ್ರೋಬ್_ಹಿಡಿದ_ಕೈ

ಒಪ್ದೆ, ಆ ಸ್ಟಡಿ ಚೆನ್ನಾಗಿದೆ. ಆದ್ರೆ ಅಲ್ಲಿ ಸ್ಕ್ಯಾನ್ ಮುಗಿದ ಮೇಲೆ ನರ್ಸ್ ಫೋನ್ ಮಾಡಿ ಮಾತಾಡಿದ್ರು, ಡಾಕ್ಟರಿಗೂ ಅದೇ ಚಿತ್ರ ಹೋಯ್ತು. ಇಲ್ಲಿ ತುಮಕೂರಿನ ಅಣ್ಣನಿಗೆ ಸಿಕ್ಕಿದ್ದು ಒಂದು ಪಿಡಿಎಫ್ಫು, ಒಂದು ಡಿಸ್ಕೌಂಟು.

ಕರಾವಳಿಯವ

ಹ ಹ. ಡಾಕ್ಟ್ರೆ ಇನ್ನೊಂದು ಕೇಳ್ತೇನೆ. ನನ್ನ ತಂಗಿ ಎಂ.ಡಿ. ಓದ್ತಾ ಇದ್ದಾಳೆ, ಅವಳ ಥೀಸಿಸ್ ಬಿಪಿ ಪೇಷಂಟುಗಳಲ್ಲಿ ಎಫ್‌ಎಂಡಿ ಅಂತೆ. ಕೈಗೆ ಪಟ್ಟಿ ಕಟ್ಟಿ ರಕ್ತ ನಿಲ್ಲಿಸಿ ಬಿಟ್ಟು ನೋಡುವುದಂತೆ. ನಾನೇ ಮೊದಲ ಬಲಿ, ನಾರ್ಮಲ್ ಗುಂಪಿಗೆ ಜನ ಬೇಕಂತ ಕರ್ಕೊಂಡು ಹೋದ್ಳು. ಕೈ ಎಲ್ಲ ಜುಮ್ ಹಿಡೀತು ಮಾರಾಯ್ರೆ, ಬೆಳಿಗ್ಗೆ ಕಾಫಿ ಸಹ ಇಲ್ಲ. ಇದರಿಂದ ಎಂತ ಗೊತ್ತಾಗ್ತದೆ?

ಪ್ರೋಬ್_ಹಿಡಿದ_ಕೈ

ಅದು ನನಗೆ ಬಹಳ ಇಷ್ಟದ ಟೆಸ್ಟು, ಎಫ್‌ಎಂಡಿ ಅಂದ್ರೆ ಫ್ಲೋ ಮೀಡಿಯೇಟೆಡ್ ಡೈಲೇಶನ್, ರಕ್ತ ನುಗ್ಗಿದಾಗ ನಾಳ ಎಷ್ಟು ಹಿಗ್ಗುತ್ತೆ ಅನ್ನೋದು. ಐಎಂಟಿ ನಾಳ ಹೇಗೆ ಕಾಣುತ್ತೆ ಅಂತ ಹೇಳಿದ್ರೆ ಇದು ನಾಳ ಹೇಗೆ ಕೆಲಸ ಮಾಡುತ್ತೆ ಅಂತ ಹೇಳುತ್ತೆ. ತೋಳಿನ ಬ್ರೇಕಿಯಲ್ ನಾಳ ಸುಮಾರು 4 ಎಂಎಂ ಅಗಲ ಇರುತ್ತೆ. ಮೊದಲು ಅದನ್ನ ಅಳೆದು, ಮುಂಗೈಗೆ ಪಟ್ಟಿ ಕಟ್ಟಿ, ಮೇಲಿನ ಬಿಪಿಗಿಂತ ಕನಿಷ್ಠ 50 ಜಾಸ್ತಿ ಏರಿಸಿ ಐದು ನಿಮಿಷ ರಕ್ತ ನಿಲ್ಲಿಸ್ತೀವಿ. ಬಿಟ್ಟ ತಕ್ಷಣ ರಕ್ತ ನುಗ್ಗುತ್ತೆ, ಆ ರಭಸಕ್ಕೆ ಒಳಪದರದ ಮೇಲೆ ಉಜ್ಜಾಟ ಜಾಸ್ತಿಯಾಗಿ ಎಂಡೋಥೀಲಿಯಂ ಅನ್ನೋ ಜೀವಕೋಶದ ಹಾಸು ನೈಟ್ರಿಕ್ ಆಕ್ಸೈಡ್ ಬಿಡುತ್ತೆ, ಸ್ನಾಯು ಸಡಿಲಾಗಿ ನಾಳ ಹಿಗ್ಗುತ್ತೆ. ಒಂದು ನಿಮಿಷದ ಹೊತ್ತಿಗೆ ಮತ್ತೆ ಅಳೀಬೇಕು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 5ರಿಂದ 10 ಪರ್ಸೆಂಟ್ ಹಿಗ್ಗುತ್ತೆ, ಬಿಪಿ, ಶುಗರ್, ಸಿಗರೇಟು ಇರೋರಲ್ಲಿ ಕಮ್ಮಿ. ಈ ವಿಧಾನ 1992ರಲ್ಲಿ ಸೆಲರ್ಮಾಯರ್ ಮತ್ತು ಸಂಗಡಿಗರು ಲ್ಯಾನ್ಸೆಟ್ಟಲ್ಲಿ ತೋರಿಸಿದ್ದು. ನೈಟ್ರಿಕ್ ಆಕ್ಸೈಡ್ ಕೆಲಸ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು.

ಆದ್ರೆ ಲೆಕ್ಕ ನೋಡಿ, 4 ಎಂಎಂನಲ್ಲಿ 7 ಪರ್ಸೆಂಟ್ ಅಂದ್ರೆ 0.28 ಎಂಎಂ. ಅಷ್ಟು ಸಣ್ಣ ಬದಲಾವಣೆಯನ್ನ ಪ್ರೋಬ್ ಅಲುಗಾಡದ ಹಾಗೆ ಹಿಡಿದು ಅಳೀಬೇಕು. ಕಾಫಿ ಕುಡಿದಿದ್ರೆ, ಸಿಗರೇಟ್ ಸೇದಿದ್ರೆ, ಹೊಟ್ಟೆ ತುಂಬಿದ್ರೆ, ರೂಮು ತಣ್ಣಗಿದ್ರೆ, ಹೆಂಗಸರಲ್ಲಿ ಮುಟ್ಟಿನ ಯಾವ ದಿನ ಅನ್ನೋದರ ಮೇಲೂ ಉತ್ತರ ಬದಲಾಗುತ್ತೆ. ಅದಕ್ಕೇ ಇದು ಥೀಸಿಸ್ಸಲ್ಲೇ ಉಳ್ಕೊಂಡಿದೆ, ಓಪಿಡಿಗೆ ಬಂದಿಲ್ಲ. ನಿಮ್ಮ ತಂಗಿಗೆ ಹೇಳಿ, ಪ್ರೋಬ್ ಹಿಡಿಯೋಕೆ ಸ್ಟ್ಯಾಂಡ್ ಮಾಡಿಸ್ಕೊಳ್ಳಲಿ, ಕೈಯಲ್ಲಿ ಹಿಡಿದ್ರೆ ಗೈಡ್ ಬೈತಾರೆ.

ಹಾಸನದ_ಅಕ್ಕ

ಎಲ್ಲರಿಗೂ ಡಾಪ್ಲರ್ ಬೇಡ ಅನ್ನೋದು ಸರಿ, ಆದ್ರೆ ಬೇಕಾದೋರಿಗೆ ಮಾಡದೇ ಬಿಡೋದೂ ಇದೆ ಅದಕ್ಕೇ ಬರೀತಿದೀನಿ. ನಮ್ಮ ಚಿಕ್ಕಪ್ಪನ ಮಗಳು, ಆಗಿನ್ನೂ 24, ತಲೆನೋವು ಸುಸ್ತು ಅಂತ ತೋರಿಸಿದ್ರೆ ಬಿಪಿ 170 ಬಂತು. ಟೆನ್ಷನ್ನು, ಮದುವೆ ವಿಚಾರ ಮನೇಲಿ ಮಾತಾಡ್ತಿದೀರಲ್ಲ ಅದಕ್ಕೆ ಅಂತ ಹೇಳಿ ನಿದ್ದೆ ಮಾತ್ರೆ ಕೊಟ್ಟು ಕಳಿಸಿದ್ರು. ಆಮೇಲೆ ಬೇರೆ ಕಡೆ ಒಬ್ರು ಹಿರಿಯ ಡಾಕ್ಟರು ಎರಡೂ ಕೈಲಿ ಬಿಪಿ ನೋಡಿದ್ರು, ಬಲಗೈಲಿ 170 ಇದ್ರೆ ಎಡಗೈಲಿ 120ನೂ ಇಲ್ಲ, ನಾಡಿ ಸಿಕ್ತಾನೇ ಇಲ್ಲ. ಅವತ್ತೇ ಕುತ್ತಿಗೆ ಮತ್ತು ಹೊಟ್ಟೆ ಡಾಪ್ಲರ್ ಮಾಡ್ಸಿದ್ರು, ಕೆರೋಟಿಡ್ ಗೋಡೆ ಸುತ್ತಲೂ ಒಂದೇ ಸಮ ದಪ್ಪ ಆಗಿತ್ತು, ಒಂದು ಕಿಡ್ನಿಗೆ ಹೋಗೋ ನಾಳ ಸಣ್ಣ ಆಗಿತ್ತು. ಟಕಯಾಸು ಅನ್ನೋ ಕಾಯಿಲೆ ಅಂತೆ, ದೊಡ್ಡ ರಕ್ತನಾಳಗಳ ಗೋಡೆಗೆ ಉರಿಯೂತ ಬರೋದು. ಈಗ ಟ್ರೀಟ್‌ಮೆಂಟಲ್ಲಿ ಇದಾಳೆ, ಪರವಾಗಿಲ್ಲ, ಕೆಲಸಕ್ಕೂ ಹೋಗ್ತಾಳೆ. ಎರಡೂ ಕೈ ನೋಡೋಕೆ ಎಷ್ಟೊತ್ತು ಬೇಕು ಹೇಳಿ, ಮೊದಲನೇ ಕಡೆ ಅದೊಂದು ಮಾಡಿದ್ರೆ ಇಷ್ಟು ತಡ ಆಗ್ತಿರ್ಲಿಲ್ಲ.

ಪ್ರೋಬ್_ಹಿಡಿದ_ಕೈ

ಅಕ್ಕಾ, ಒಳ್ಳೇದಾಯ್ತು ಬರೆದಿದ್ದು. 1908ರಲ್ಲಿ ಜಪಾನಿನ ಕಣ್ಣಿನ ಡಾಕ್ಟರು ಟಕಯಾಸು ಒಬ್ಬ ಹುಡುಗಿಯ ಕಣ್ಣಿನ ನಾಳಗಳಲ್ಲಿ ವಿಚಿತ್ರ ಬದಲಾವಣೆ ಕಂಡಿದ್ದು ಇದು. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಕಿಡ್ನಿ ನಾಳ ಸಣ್ಣ ಆಗಿ ಬಿಪಿ ಬಂದ್ರೆ ಇದನ್ನ ಮೊದಲು ಯೋಚನೆ ಮಾಡಬೇಕು. ಅಡ್ಡಕ್ಕೆ ಪ್ರೋಬ್ ಹಿಡಿದ್ರೆ ನಾಳದ ಸುತ್ತ ಬಳೆ ಥರ ದಪ್ಪ ಗೋಡೆ ಕಾಣುತ್ತೆ, ಮ್ಯಾಕರೋನಿ ಸೈನ್ ಅಂತ ಹೆಸರೇ ಇದೆ ಅದಕ್ಕೆ. ಅಲ್ಲಿ ಅಲ್ಟ್ರಾಸೌಂಡ್ ಕೊಡೋ ಮಾಹಿತಿಗೆ ಬೆಲೆ ಕಟ್ಟೋಕಾಗಲ್ಲ, ಆಂಜಿಯೋ ಮಾಡಿದ್ರೆ ರಕ್ತ ಹರಿಯೋ ದಾರಿ ಕಾಣುತ್ತೆ, ಗೋಡೆ ಕಾಣಲ್ಲ. ಎರಡು ಕೈ ನಡುವೆ ಪದೇ ಪದೇ 20ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಯಾವ ವಯಸ್ಸಲ್ಲಾದ್ರೂ ಹುಡುಕಬೇಕು.

ಹಳ್ಳಿಮೇಷ್ಟ್ರು

ನಮ್ಮೂರ ಶಾಲೇಲಿ ಬಿಪಿ ಶುಗರ್ ಕ್ಯಾಂಪ್ ಮಾಡಿಸ್ತೀವಿ ವರ್ಷಾ. ಅಲ್ಲಿಗೆ ಒಂದು ಸಣ್ಣ ಸ್ಕ್ಯಾನಿಂಗ್ ಮೆಷಿನ್ ತಂದು ಕುತ್ತಿಗೆ ನೋಡಿಸೋಕಾಗುತ್ತಾ? ಕೈಯಲ್ಲಿ ಹಿಡಿಯೋ ಅಂಥದ್ದು ಬಂದಿದೆಯಂತೆ ಮೊಬೈಲಿಗೆ ಸಿಕ್ಕಿಸೋದು.

ಪ್ರೋಬ್_ಹಿಡಿದ_ಕೈ

ಬೇಡ ಮೇಷ್ಟ್ರೇ, ಕೇಸ್ ಆಗುತ್ತೆ. ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಇದೆಯಲ್ಲ, ಅದರಲ್ಲಿ ಅಲ್ಟ್ರಾಸೌಂಡ್ ಮೆಷಿನ್ನು, ಅದಿರೋ ಜಾಗ ಎಲ್ಲಾ ರಿಜಿಸ್ಟರ್ ಆಗಿರಬೇಕು. ಕುತ್ತಿಗೆ ನೋಡೋಕೆ ಅಂತ ತಂದ್ರೂ ಅದೇ ಮೆಷಿನ್ ಹೊಟ್ಟೆ ಮೇಲೂ ಇಡಬಹುದಲ್ಲ. ಕ್ಯಾಂಪಿಗೆ ಬಿಪಿ ಮೆಷಿನ್ ಎರಡು ಜಾಸ್ತಿ ತನ್ನಿ ಸಾಕು. ದುಡ್ಡು ಉಳಿದಿದ್ರೆ ಮೂತ್ರದಲ್ಲಿ ಆಲ್ಬುಮಿನ್ ಕ್ರಿಯಾಟಿನಿನ್ ರೇಷಿಯೋ, ರಕ್ತದಲ್ಲಿ ಕ್ರಿಯಾಟಿನಿನ್, ಒಂದು ಇಸಿಜಿ. ಬಿಪಿಯಿಂದ ಒಳಗೆ ಏನಾಗಿದೆ ಅಂತ ಇವು ಐಎಂಟಿಗಿಂತ ಚೆನ್ನಾಗಿ ಹೇಳ್ತವೆ, ಬೆಲೆನೂ ಕಮ್ಮಿ. ನನ್ನ ಹೊಟ್ಟೆಪಾಡಿನ ಮೇಲೆ ನಾನೇ ಕಲ್ಲು ಹಾಕ್ಕೊಳ್ತಿದೀನಿ ಇರಲಿ.

ತುಮಕೂರ್_ಲೋಕಲ್

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಥ್ರೆಡ್ ಪೂರ್ತಿ ಮನೆಯವಳಿಗೂ ಓದಿಸ್ದೆ. ಅವಳ ಪ್ರಶ್ನೆ ಈಗ ಬೇರೆ. ಇವರ ಬಿಪಿ ಮಾತ್ರೆ ತಗೊಂಡ್ರೂ ಇಳೀತಿಲ್ಲ ಅಂದ್ಮೇಲೆ ಹಾಸನದ ಮೇಡಂ ಹೇಳಿದ ಹಾಗೆ ಕಿಡ್ನಿ ಡಾಪ್ಲರ್ ಮಾಡಿಸ್ಬೇಕಾ ಅಂತ.

ಪ್ರೋಬ್_ಹಿಡಿದ_ಕೈ

ಒಂದೇ ಮಾತ್ರೆ 40ರಲ್ಲಿ ಇಳೀಲಿಲ್ಲ ಅಂದ್ರೆ ಡೋಸ್ ಸಾಲ್ತಿಲ್ಲ ಅಂತ ಅಷ್ಟೇ, ಬಹಳ ಜನಕ್ಕೆ ಎರಡು ಥರದ ಮಾತ್ರೆ ಬೇಕೇ ಬೇಕಾಗುತ್ತೆ. ಕಿಡ್ನಿ ನಾಳದ ಡಾಪ್ಲರ್ ಕೇಳೋದು ಯಾವಾಗ ಅಂದ್ರೆ ಮೂರು ಥರದ ಮಾತ್ರೆ ಪೂರ್ತಿ ಡೋಸಲ್ಲಿ ಸರಿಯಾಗಿ ತಗೊಂಡ್ರೂ ಬಿಪಿ ಇಳೀದೇ ಇದ್ರೆ, ತೀರಾ ಚಿಕ್ಕ ವಯಸ್ಸಲ್ಲಿ ಬಿಪಿ ಬಂದಿದ್ರೆ, ಒಂದು ಕಿಡ್ನಿ ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರ್ ಸಣ್ಣ ಇದ್ರೆ, ಇಲ್ಲಾ ಟೆಲ್ಮಿಸಾರ್ಟನ್ ಥರದ ಮಾತ್ರೆ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಜೋರಾಗಿ ಏರಿದ್ರೆ. ನಿಮ್ಮದು ಚೆಕಪ್ ರಿಪೋರ್ಟಲ್ಲೇ ಇರುತ್ತೆ ಕ್ರಿಯಾಟಿನಿನ್, ಹೋದ ವರ್ಷದ ಜೊತೆ ಹೋಲಿಸಿ ನೋಡಿ. ಕಿಡ್ನಿ ಡಾಪ್ಲರಲ್ಲಿ ನಾವು ನೋಡೋದು ದಪ್ಪ ಅಲ್ಲ, ರಕ್ತದ ವೇಗ. ಸೆಕೆಂಡಿಗೆ 200 ಸೆಂಟಿಮೀಟರ್ ದಾಟಿ, ಮಹಾಧಮನಿ ವೇಗದ ಮೂರೂವರೆ ಪಟ್ಟು ಇದ್ರೆ ನಾಳ ಸಣ್ಣ ಆಗಿದೆ ಅಂತ ಅನುಮಾನ ಪಡ್ತೀವಿ. ವಯಸ್ಸಾದೋರಲ್ಲಿ ಕೊಬ್ಬಿನಿಂದ ಹಾಗಾಗಿದ್ರೆ ಸ್ಟೆಂಟ್ ಹಾಕಿದ್ರೂ ಬಹುತೇಕರಿಗೆ ಮಾತ್ರೆಗಿಂತ ಹೆಚ್ಚೇನೂ ಉಪಯೋಗ ಆಗ್ಲಿಲ್ಲ ಅಂತ 2009ರ ಆಸ್ಟ್ರಲ್, 2014ರ ಕೋರಲ್ ಎರಡು ದೊಡ್ಡ ಟ್ರಯಲ್ಲುಗಳಲ್ಲಿ ಕಂಡಿದೆ, ಹಾಗಾಗಿ ಸಿಕ್ಕಿದ ತಕ್ಷಣ ಸ್ಟೆಂಟ್ ಅಂತ ಯಾರಾದ್ರೂ ಅಂದ್ರೆ ಇನ್ನೊಬ್ಬರನ್ನ ಕೇಳಿ.

ಹಾಸನದ_ಅಕ್ಕ

ನಮ್ಮ ಹುಡುಗೀಗೆ ಕಿಡ್ನಿ ಡಾಪ್ಲರ್ ಎರಡು ಸಲ ಮಾಡಬೇಕಾಯ್ತು, ಮೊದಲನೇ ಸಲ ಗ್ಯಾಸ್ ತುಂಬಿ ಏನೂ ಕಾಣ್ಲಿಲ್ಲ ಅಂದ್ರು. ಹೋಗೋದಾದ್ರೆ ಹಿಂದಿನ ರಾತ್ರಿ ಅವರೆಕಾಳು ಸಾರು ತಿನ್ಬೇಡಿ.

ಪ್ರೋಬ್_ಹಿಡಿದ_ಕೈ

ನಿಜ 😀 ರಾತ್ರಿಯಿಂದ ಖಾಲಿ ಹೊಟ್ಟೇಲಿ ಬರಬೇಕು, ಬಿಪಿ ಮಾತ್ರೆ ಮಾತ್ರ ಒಂದು ಗುಟುಕು ನೀರಲ್ಲಿ ತಗೊಂಡೇ ಬನ್ನಿ, ಟೆಸ್ಟಿದೆ ಅಂತ ಅದನ್ನ ಬಿಟ್ಟು ಬರೋರೇ ಜಾಸ್ತಿ.